ಗುಂಬಜಿನ ಗೋಡೆ ನೋಡಿದ್ದೀರಾ?

ಗುಂಬಜ್ ಇರುವ ಊರಿಗೆ ನಾವು ಹೋಗಿಬರುವುದು ಹೇಗೆಂದು ಸ್ವಲ್ಪ ಯೋಚಿಸಿ. ಬಸ್ಸಿಳಿದ ಕೂಡಲೇ ಮಕ್ಕಳ ಕೈ ಹಿಡಿದುಕೊಳ್ಳಬೇಕು, ಚಪ್ಪಲಿ ಬಿಡಲು ಜಾಗ ಹುಡುಕಬೇಕು, ಹೂವಿನವನ ಜೊತೆ ಚೌಕಾಸಿ ಮಾಡಬೇಕು. ಒಳಗೆ ಜನರ ನೂಕಾಟ. ಫಾತಿಹಾ ಓದಿ, ದುಆ ಮಾಡಿ ಹೊರಬರುವಷ್ಟರಲ್ಲಿ ಮಕ್ಕಳಿಗೆ ಹಸಿವು, ದೊಡ್ಡವರಿಗೆ ಕೊನೆಯ ಬಸ್ಸಿನ ಚಿಂತೆ. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಒಮ್ಮೆಯೂ ಹೋಗದ ಮನೆ ನಮ್ಮ ಕಡೆ ಸಿಗುವುದು ಕಷ್ಟ. ಮುಸ್ಲಿಮರಷ್ಟೇ ಅಲ್ಲ, ಎಲ್ಲ ಜಾತಿಯವರೂ ಅಲ್ಲಿಗೆ ಬರುತ್ತಾರೆ. ಆದರೆ ಯಾವುದೇ ದರ್ಗಾಕ್ಕೆ ಹೋಗಿ ಬಂದವರನ್ನು ಕೇಳಿ ನೋಡಿ, ಗೋಡೆ ಹೇಗಿತ್ತು, ಮೇಲಿನ ಗುಂಬಜ್ ಯಾವುದರಿಂದ ಕಟ್ಟಿದ್ದರು ಎಂದು. "ಹಸಿರು ಬಣ್ಣ ಹೊಡೆದಿದ್ದರಲ್ಲ" ಎಂಬುದಕ್ಕಿಂತ ಹೆಚ್ಚಿನ ಉತ್ತರ ಬರುವುದಿಲ್ಲ.

ಗೋರಿಯ ಮೇಲೆ ಕಟ್ಟಡ ಇರಬೇಕೇ ಬೇಡವೇ ಎಂಬುದು ಉಲಮಾಗಳು ಚರ್ಚಿಸಿಕೊಂಡು ಬಂದಿರುವ ವಿಷಯ. ಆ ಚರ್ಚೆಯನ್ನು ನಾನಿಲ್ಲಿ ಎತ್ತಿಕೊಳ್ಳುವುದಿಲ್ಲ. ನಾಲ್ಕು ನೂರು, ಆರು ನೂರು ವರ್ಷಗಳ ಹಿಂದಿನವರು ಕಟ್ಟಿಬಿಟ್ಟಿದ್ದಾರೆ. ಕಟ್ಟಿದ್ದನ್ನು ನಮ್ಮ ತಲೆಮಾರು ಏನು ಮಾಡುತ್ತಿದೆ ಎಂಬುದಷ್ಟೇ ಈ ತಿಂಗಳ ನನ್ನ ಮಾತು.

ಈ ಮಾತು ತಲೆಗೆ ಹೊಕ್ಕದ್ದು ಬೀದರಿನಲ್ಲಿ. ನಮ್ಮ ಗುಂಪಿನಲ್ಲಿ ಐವರು ಹೆಂಗಸರು, ಇಬ್ಬರು ಗಂಡಸರು, ನಾಲ್ಕು ಮಕ್ಕಳು. ಗೌರಿಬಿದನೂರಿನಿಂದ ನನ್ನ ನಾದಿನಿಯ ಮನೆಯವರು, ಚಿಕ್ಕಬಳ್ಳಾಪುರದಿಂದ ನಾವು, ಶಿಡ್ಲಘಟ್ಟದಿಂದ ಖಾಲಾ. ಖಾಲಾ ಮನೆಯವರದು ರೇಷ್ಮೆ ನೂಲು ಬಿಚ್ಚುವ ಕಸುಬು. ಕುದಿಯುವ ನೀರಿನಲ್ಲಿ ಕೈಯಾಡಿಸಿ ಗೂಡಿನ ಎಳೆ ಹುಡುಕುತ್ತಾ ಮೂವತ್ತು ವರ್ಷ ಚರಕದ ಮುಂದೆ ಕೂತವರು ಅವರು. ಓದಿದ್ದು ನಾಲ್ಕನೆಯ ತರಗತಿಯವರೆಗೆ. ಆದರೆ ಯಾವ ವಸ್ತುವನ್ನೇ ಆಗಲಿ ಕೈಯಲ್ಲಿ ಮುಟ್ಟದೆ ಬಿಡುವ ಜಾಯಮಾನವಲ್ಲ. ಬೆಂಗಳೂರಿನಲ್ಲಿ ರಾತ್ರಿ ರೈಲು ಹತ್ತಿ, ಮಾರನೆಯ ದಿನ ಬೀದರಿನಲ್ಲಿಳಿದೆವು.

ಬೀದರ್ ನಗರದಿಂದ ಪೂರ್ವಕ್ಕೆ ಸುಮಾರು ಮೂರು ಕಿಲೋಮೀಟರ್ ಹೋದರೆ ಅಷ್ಟೂರು. ಬಹಮನಿ ಸುಲ್ತಾನರ ಗುಂಬಜ್‌ಗಳು ಅಲ್ಲಿ ಹೊಲಗಳ ನಡುವೆ ಸಾಲಾಗಿ ನಿಂತಿವೆ. ಅವು ಸಿಗುವುದಕ್ಕೆ ಮೊದಲೇ ದಾರಿಯಲ್ಲಿ ಎತ್ತರದ ದಿಬ್ಬದ ಮೇಲೆ ಎಂಟು ಮೂಲೆಯ ಗೋಪುರದಂಥ ಕಟ್ಟಡವೊಂದು ಕಾಣುತ್ತದೆ. ಅದನ್ನು ಚೌಖಂಡಿ ಎನ್ನುತ್ತಾರೆ. ಹಜ್ರತ್ ಖಲೀಲುಲ್ಲಾಹ್ ಕಿರ್ಮಾನಿಯವರ ಸಮಾಧಿ ಅದು, 15ನೇ ಶತಮಾನದ್ದು. ಅಗಲವಾದ ಮೆಟ್ಟಿಲು ಹತ್ತಿ ಹೋಗಬೇಕು. ಹೊರಗಿನ ಎಂಟು ಮುಖದ ಗೋಡೆಗೆ ಛಾವಣಿಯಿಲ್ಲ, ಅದರ ಒಳಗೆ ಚೌಕಾಕಾರದ ಸಮಾಧಿ ಕಟ್ಟಡ. ಪ್ರತಿ ಮುಖದಲ್ಲೂ ಎರಡು ಅಂತಸ್ತಿನ ಕಮಾನುಗಳು. ಕಮಾನಿನ ಅಂಚಿಗೆ ಕಪ್ಪು ಕಲ್ಲನ್ನು ಹಗ್ಗದಂತೆ ಕೆತ್ತಿ ಕೂರಿಸಿದ್ದಾರೆ. ಖಾಲಾ ಅದರ ಮೇಲೆ ಬೆರಳಾಡಿಸಿ, "ನೋಡು ಬೇಟಿ, ಹುರಿ ಮಾಡಿದ್ದಾರೆ, ಎರಡೆಳೆ ಹುರಿ" ಎಂದರು. ಎರಡೆಳೆ ನೂಲನ್ನು ತಿರುವಿ ಒಂದು ಮಾಡುವುದಕ್ಕೆ ಶಿಡ್ಲಘಟ್ಟದಲ್ಲಿ ಹುರಿ ಎನ್ನುತ್ತಾರೆ.

ನಾವು ಮೊದಲು ಹೋದದ್ದು ನೆತ್ತಿಯ ಮೇಲೆ ಬಿಸಿಲಿದ್ದಾಗ. ಗೋಡೆಯೆಲ್ಲ ಒಂದೇ ಸಮ, ಬೋಳು ಬೋಳು. ಮಕ್ಕಳು ಐದು ನಿಮಿಷದಲ್ಲಿ ಬೇಸತ್ತರು. ಅಷ್ಟೂರಿನ ಗುಂಬಜ್‌ಗಳನ್ನು ಮುಗಿಸಿಕೊಂಡು ಸಂಜೆ ನಾಲ್ಕೂವರೆಗೆ ಅದೇ ದಾರಿಯಲ್ಲಿ ವಾಪಸು ಬಂದಾಗ ಅದೇ ಗೋಡೆ ಬೇರೆಯಾಗಿತ್ತು. ಬಿಸಿಲು ಓರೆಯಾಗಿ ಬೀಳುತ್ತಿತ್ತು. ಗಾರೆಯಲ್ಲಿ ಕೊರೆದ ಬಳ್ಳಿ, ಹೂ, ಗೆರೆಗಳು ನೆರಳು ಹೊತ್ತು ಎದ್ದು ನಿಂತಿದ್ದವು. ನೀವು ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ, ಇಲ್ಲವೇ ಸಂಜೆ ಹೋಗಿ. ನಡು ಮಧ್ಯಾಹ್ನ ಹೋಗುವುದಾದರೆ ಛತ್ರಿ ಮರೆಯಬೇಡಿ, ನೀರೂ ಜೊತೆಗಿರಲಿ.

ಈ ನೆರಳಿನ ಆಟದ ಮೂಲ ಹುಡುಕಿದರೆ ಇಟ್ಟಿಗೆಗೆ ಹೋಗಿ ಮುಟ್ಟುತ್ತೇವೆ. ಅದಕ್ಕಾಗಿ ಬೀದರ್ ಬಿಟ್ಟು ಸ್ವಲ್ಪ ಹೊತ್ತು ಇರಾನಿಗೆ ಹೋಗೋಣ, ಹಜ್ರತ್ ಖಲೀಲುಲ್ಲಾಹ್‌ರ ಮನೆತನ ಬಂದ ನಾಡಿಗೆ. ಅಲ್ಲಿನ ಎಷ್ಟೋ ಭಾಗಗಳಲ್ಲಿ ಕಟ್ಟಡಕ್ಕೆ ಮಣ್ಣೇ ಗತಿ, ಸುಟ್ಟ ಇಟ್ಟಿಗೆಯೇ ಆಧಾರ. ಆ ಇಟ್ಟಿಗೆಯಿಂದಲೇ ಅವರು ಗೋರಿಗಳ ಮೇಲೆ ಗೋಪುರ ಎಬ್ಬಿಸಿದರು. ಕಜ್ವೀನ್ ಪ್ರಾಂತ್ಯದ ಖರ್ರಕಾನ್ ಎಂಬಲ್ಲಿ ಅಂಥ ಎರಡು ಗೋಪುರಗಳು ಬಯಲಿನಲ್ಲಿ ಅಕ್ಕತಂಗಿಯರಂತೆ ನಿಂತಿವೆ. ಒಂದು 1067ರದ್ದು, ಇನ್ನೊಂದು 1093ರದ್ದು. ಎರಡಕ್ಕೂ ಎಂಟು ಮುಖ, ಮೂಲೆ ಮೂಲೆಗೂ ದುಂಡನೆಯ ಕಂಬ. ಸುಮಾರು ಹದಿನೈದು ಮೀಟರ್ ಎತ್ತರ, ಅಂದರೆ ನಮ್ಮ ನಾಲ್ಕಂತಸ್ತಿನ ಮನೆಯಷ್ಟು. ದೊಡ್ಡ ಕಟ್ಟಡವೇನೂ ಅಲ್ಲ. ಆದರೆ ಮುಖದಿಂದ ಮುಖಕ್ಕೆ, ಕಂಬದಿಂದ ಕಂಬಕ್ಕೆ ಇಟ್ಟಿಗೆಯ ವಿನ್ಯಾಸ ಬದಲಾಗುತ್ತದೆ.

ಹೊರಗೋಡೆಯ ಈ ಕೆಲಸಕ್ಕೆ ಬಣ್ಣ ಬೇಕಾಗಿಲ್ಲ. ಅದೇ ಮಣ್ಣು, ಅದೇ ಗೂಡಿನಲ್ಲಿ ಸುಟ್ಟ ಇಟ್ಟಿಗೆ. ಒಂದನ್ನು ಅಡ್ಡ ಇಡು, ಇನ್ನೊಂದನ್ನು ಉದ್ದ ನಿಲ್ಲಿಸು. ಒಂದನ್ನು ಬೆರಳಿನಷ್ಟು ಮುಂದಕ್ಕೆ ತಳ್ಳು, ಪಕ್ಕದ್ದನ್ನು ಹಿಂದಕ್ಕೆ ಸರಿಸು. ಕೆಲವನ್ನು ಓರೆಯಾಗಿ ಕತ್ತರಿಸು. ಉಳಿದದ್ದನ್ನು ಬಿಸಿಲು ಮಾಡುತ್ತದೆ. ಪಾರ್ಸಿಯಲ್ಲಿ ಈ ಕೆಲಸಕ್ಕೆ ಹಜಾರ್‌ಬಾಫ್ ಎಂಬ ಹೆಸರಿದೆ. ಹಜಾರ್ ಎಂದರೆ ಸಾವಿರ ಎಂದು ನಮ್ಮ ಮನೆಮಾತು ಬಲ್ಲವರಿಗೆ ಹೇಳಬೇಕಾಗಿಲ್ಲ. ಬಾಫ್ ಎಂದರೆ ನೇಯ್ಗೆ. ಸಾವಿರ ನೇಯ್ಗೆ! ಇಟ್ಟಿಗೆ ಕೆಲಸಕ್ಕೆ ನೇಕಾರರ ಹೆಸರಿಟ್ಟಿದ್ದಾರೆಂದು ಹೇಳಿದಾಗ ಖಾಲಾ ನಕ್ಕರು. "ಸರಿಯಾಗಿಯೇ ಇಟ್ಟಿದ್ದಾರೆ. ನಮ್ಮದೂ ಗೂಡಿನ ವ್ಯಾಪಾರ, ಅವರದ್ದೂ ಗೂಡಿನ ವ್ಯಾಪಾರ."

ಖರ್ರಕಾನಿನ ಮೊದಲ ಗೋಪುರ ಕಟ್ಟಿದವರು ಝಂಜಾನಿನ ಮುಹಮ್ಮದ್ ಬಿನ್ ಮಕ್ಕಿ. ಅವರ ಹೆಸರು ಆ ಗೋಡೆಯ ಬರಹದಲ್ಲೇ ಇದೆ. ಮೇಸ್ತ್ರಿಯ ಹೆಸರು ಕಟ್ಟಡದ ಮೇಲೆ ಉಳಿಯುವುದು ಎಲ್ಲ ಕಡೆಯೂ ಅಪರೂಪ. ನಮ್ಮ ಊರುಗಳಲ್ಲಿ ಅಮೃತಶಿಲೆಯ ಫಲಕದಲ್ಲಿ ಉದ್ಘಾಟಿಸಿದವರ ಹೆಸರಿರುತ್ತದೆ, ಸಮಿತಿಯವರ ಹೆಸರುಗಳು ಸಾಲಾಗಿರುತ್ತವೆ, ಕಟ್ಟಿದವನ ಹೆಸರು ಮಾತ್ರ ಇರುವುದಿಲ್ಲ. 2002ರ ಜೂನ್‌ನಲ್ಲಿ ಆ ಭಾಗದಲ್ಲಿ ಭೂಕಂಪವಾದಾಗ ಈ ಎರಡೂ ಗೋಪುರಗಳಿಗೆ ಕೆಟ್ಟ ಪೆಟ್ಟಾಯಿತು. ಒಂಬೈನೂರು ವರ್ಷ ಮೀರಿ ನಿಂತ ಇಟ್ಟಿಗೆ ಬಿರುಕು ಬಿಟ್ಟಿತು. ನೆಲಕ್ಕೊರಗಲಿಲ್ಲ ಎಂಬುದೇ ಸಮಾಧಾನ.

ಇನ್ನೊಂದು ಗೋಪುರವನ್ನು ನಾವು ಹೆಂಗಸರು ತಿಳಿದಿರಲೇಬೇಕು. ಈಗಿನ ಅಜರ್‌ಬೈಜಾನಿಗೆ ಸೇರಿದ ನಖ್‌ಚಿವಾನ್ ನಗರದಲ್ಲಿದೆ, 1186ರದ್ದು. ಅದು ಮೂಮಿನಾ ಖಾತೂನ್ ಎಂಬ ಮಹಿಳೆಯ ಸಮಾಧಿ. ಸಲ್ಜೂಕ್ ಸುಲ್ತಾನರ ಮನೆಯ ಸೊಸೆ, ವಿಧವೆಯಾದ ಮೇಲೆ ಆ ಪ್ರಾಂತ್ಯ ಆಳಿದ ಅತಾಬೇಗನ ಮಡದಿ. ಗೋಪುರವನ್ನು ಪೂರ್ತಿ ಮಾಡಿಸಿದ್ದು ಮಗ. ಕಟ್ಟಿದ ಉಸ್ತಾದರು ಅಜಮಿ. ಹತ್ತು ಮುಖ, ಸುಮಾರು ಇಪ್ಪತ್ತೈದು ಮೀಟರ್ ಎತ್ತರ. ಮೇಲೆ ಡೇರೆಯಂಥ ಮುಚ್ಚಿಗೆ ಇತ್ತು, ಅದೀಗ ಇಲ್ಲ. ಕೆಂಪು ಇಟ್ಟಿಗೆಯ ನಡುವೆ ಅಲ್ಲಲ್ಲಿ ಪಿರೋಜಾ ಬಣ್ಣದ ಹೊಳಪಿನ ತುಂಡುಗಳನ್ನು ಕೂರಿಸಿದ್ದಾರೆ, ಮದುವಣಗಿತ್ತಿಯ ಮೂಗುಬೊಟ್ಟಿನಂತೆ. ತಾಯಿಗಾಗಿ ಮಗ ಕಟ್ಟಿಸಿದ ಮನೆ ಎಂದಾಗ ನನ್ನ ನಾದಿನಿ, "ನಮ್ಮ ಮಕ್ಕಳು ಬದುಕಿದ್ದಾಗ ಒಂದು ಲೋಟ ನೀರು ಕೊಟ್ಟರೆ ಸಾಕು ಭಾಭಿ" ಎಂದಳು. ಅದೂ ಸರಿಯೇ.

ಈಗ ಮತ್ತೆ ಬೀದರಿಗೆ. 15ನೇ ಶತಮಾನದ ಮೊದಲ ಭಾಗದಲ್ಲಿ ಬಹಮನಿ ಸುಲ್ತಾನ್ ಅಹ್ಮದ್ ಶಾಹ್ ವಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದರು. ಇರಾನಿನ ಕಿರ್ಮಾನ್ ಸೀಮೆಯ ಸೂಫಿ ಶಾಹ್ ನೇಮತುಲ್ಲಾಹ್ ವಲಿಯವರ ಮೇಲೆ ಅವರಿಗೆ ಅಪಾರ ಗೌರವ. ಬರಬೇಕೆಂದು ಆಹ್ವಾನಿಸಿದರು. ವೃದ್ಧರಾಗಿದ್ದ ನೇಮತುಲ್ಲಾಹ್ ಬರಲಿಲ್ಲ, ಮೊಮ್ಮಗನನ್ನು ಕಳಿಸಿದರು. 1431ರಲ್ಲಿ ಅವರು ತೀರಿಕೊಂಡ ನಂತರ ಮಗ ಖಲೀಲುಲ್ಲಾಹ್ ಬೀದರಿಗೆ ಬಂದರು. ಚೌಖಂಡಿಯಲ್ಲಿ ಮಲಗಿರುವವರು ಇವರೇ. ತಂದೆಯ ಗೋರಿ ಇರಾನಿನ ಮಾಹಾನ್ ಎಂಬ ಊರಿನಲ್ಲಿದೆ. ಅದರ ಮೇಲೆ 1436ರಲ್ಲಿ ಗುಂಬಜ್ ಎದ್ದದ್ದು ನಮ್ಮ ಬೀದರಿನ ಅಹ್ಮದ್ ಶಾಹರ ಹಣದಿಂದ. ಅಂದರೆ ದಖ್ಖನಿನ ದುಡ್ಡು ಅಲ್ಲಿ ಗುಂಬಜ್ ಆಯಿತು, ಅಲ್ಲಿನ ಕೈಕೆಲಸ ಇಲ್ಲಿ ಗೋಡೆಯ ಮೇಲೆ ಬಂತು. ಚೌಖಂಡಿಯೊಳಗೆ ಕಪ್ಪು ಕಲ್ಲಿನ ಮೇಲೆ ಕೆತ್ತಿರುವ ಬರಹದ ಲಿಪಿಕಾರರು ಶೀರಾಜಿನ ಮುಗೀಸ್. ಕಲ್ಲಿನಲ್ಲಿ ಅಷ್ಟು ನಯವಾದ ಅಕ್ಷರ ನಾನು ಬೇರೆಲ್ಲೂ ನೋಡಿಲ್ಲ.

ಹಾಗಾದರೆ ಇರಾನಿನ ಇಟ್ಟಿಗೆ ನೇಯ್ಗೆ ಬೀದರಿನ ಹೊರಗೋಡೆಯಲ್ಲಿ ಯಾಕೆ ಇಲ್ಲ? ಕಾರಣ ಊಹಿಸುವುದು ಕಷ್ಟವಲ್ಲ. ದಖ್ಖನಿನಲ್ಲಿ ಕಲ್ಲಿಗೆ ಬರವಿಲ್ಲ. ಮಳೆಗಾಲ ಮಾತ್ರ ಕಜ್ವೀನಿನಂತಲ್ಲ, ಸುರಿಯಲು ಶುರುವಾದರೆ ತಿಂಗಳುಗಟ್ಟಲೆ. ಬರಿಯ ಇಟ್ಟಿಗೆ ತೆರೆದಿಟ್ಟರೆ ನೀರು ಕುಡಿಯುತ್ತದೆ. ಆದ್ದರಿಂದ ಇಲ್ಲಿನವರು ಗೋಡೆಯ ಮೇಲೆ ದಪ್ಪಗೆ ಗಾರೆ ಬಳಿದು, ಅದು ಹಸಿಯಾಗಿರುವಾಗಲೇ ಅದರಲ್ಲಿ ವಿನ್ಯಾಸ ಕೊರೆದರು. ಅಲ್ಲಿ ಇಟ್ಟಿಗೆ ಮಾಡಿದ ಕೆಲಸವನ್ನು ಇಲ್ಲಿ ಸುಣ್ಣ ಮಾಡಿತು. ಜೊತೆಗೆ ಬಣ್ಣದ ಹೆಂಚಿನ ಬಿಲ್ಲೆಗಳು. ಬೀದರ್ ನಗರದೊಳಗೆ ಮಹಮೂದ್ ಗವಾನರು 1472ರಲ್ಲಿ ಕಟ್ಟಿಸಿದ ಮದ್ರಸಾದ ಮಿನಾರಿನಲ್ಲಿ ಆ ಬಿಲ್ಲೆಗಳು ಇನ್ನೂ ಸ್ವಲ್ಪ ಉಳಿದಿವೆ. ಚೌಖಂಡಿಯಲ್ಲಿ ಹೆಚ್ಚಿನವು ಹೋಗಿವೆ, ಗಾರೆಯ ಕೆತ್ತನೆ ಉಳಿದಿದೆ.

ಅಷ್ಟೂರಿನಲ್ಲಿ ಅಹ್ಮದ್ ಶಾಹ್ ವಲಿಯವರ ಗುಂಬಜ್ ಒಳಗೆ ಹೋದಾಗ ಮೊದಲು ಕತ್ತಲೆಯ ಹೊರತು ಏನೂ ಕಾಣಲಿಲ್ಲ. ನೋಡಿಕೊಳ್ಳುವ ವೃದ್ಧರೊಬ್ಬರು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ತಿರುಗಿಸಿದರು. ಒಳಗೋಡೆಯ ಮೇಲೆ ಕೆಂಪು, ಚಿನ್ನ, ನೀಲಿ ಬಣ್ಣದ ಬಳ್ಳಿಗಳು, ಸಾಲು ಸಾಲು ಬರಹ. ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ಇಲ್ಲಿನ ಉರೂಸಿಗೆ ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಜಂಗಮರು ಬರುತ್ತಾರೆ. ಲಿಂಗಾಯತರು ಇವರನ್ನು ಅಲ್ಲಮಪ್ರಭು ಎಂದೇ ಕರೆದು ನಡೆದುಕೊಳ್ಳುತ್ತಾರೆ. ಇದನ್ನು ನಮ್ಮ ಮಕ್ಕಳಿಗೆ ಪಠ್ಯಪುಸ್ತಕದಲ್ಲಿ ಓದಿಸುವುದಕ್ಕಿಂತ ಅಲ್ಲಿಗೆ ಕರೆದುಕೊಂಡು ಹೋಗಿ ಹೇಳುವುದು ಸುಲಭ.

ಪಕ್ಕದಲ್ಲೇ ಸುಲ್ತಾನ್ ಹುಮಾಯೂನನ ಗುಂಬಜ್. ಸಿಡಿಲು ಬಡಿದು ಅರ್ಧಕ್ಕರ್ಧ ಕುಸಿದಿದೆ ಎನ್ನುತ್ತಾರೆ. ಹಲಸಿನ ಹಣ್ಣನ್ನು ಸೀಳಿಟ್ಟಂತೆ ಗುಂಬಜಿನ ಹೊಟ್ಟೆಯೊಳಗಿನ ಕಟ್ಟಡವೆಲ್ಲ ಹೊರಗೆ ಕಾಣುತ್ತದೆ. 1461ರಲ್ಲಿ ಈ ಸುಲ್ತಾನ ತೀರಿಕೊಂಡಾಗ ಮಕ್ಕಳಿನ್ನೂ ಚಿಕ್ಕವರು. ಆಗ ರಾಜ್ಯದ ಹೊಣೆ ಹೊತ್ತವರಲ್ಲಿ ಮುಖ್ಯರು ಅವನ ವಿಧವೆ ಮಖ್ದೂಮಾ ಜಹಾನ್ ನರ್ಗಿಸ್ ಬೇಗಂ, ಮಹಮೂದ್ ಗವಾನರು ಅವರ ಜೊತೆಗಿದ್ದರು. ಗಂಡನ ಕ್ರೌರ್ಯದ ಕತೆಗಳು ಎಲ್ಲರಿಗೂ ಗೊತ್ತು, ಹೆಂಡತಿಯ ಆಡಳಿತದ ಮಾತು ಯಾರ ಬಾಯಲ್ಲೂ ಇಲ್ಲ.

ಆ ಸೀಳಿದ ಗುಂಬಜಿನ ಕೆಳಗೆ ನಿಂತು ಖಾಲಾ ಕೇಳಿದರು, "ಸಿಮೆಂಟ್ ಎಲ್ಲಿದೆ ಇದರಲ್ಲಿ?"

ಇಲ್ಲವೇ ಇಲ್ಲ, ಎಲ್ಲ ಸುಣ್ಣ ಎಂದೆ. ವಿಜಯಪುರದ ಗೋಲಗುಂಬಜ್ ಕೂಡ ಹಾಗೆಯೇ. 1656ರ ಹೊತ್ತಿಗೆ ಮುಗಿದ, ಹೊರ ಅಳತೆಯಲ್ಲಿ ಸುಮಾರು 44 ಮೀಟರ್ ಅಗಲದ ಆ ಗುಂಬಜ್ ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದಲೇ ನಿಂತಿದೆ. ಅಷ್ಟು ದೂರ ಯಾಕೆ? ನಮ್ಮ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯವರೇ ಆದ ವಿಶ್ವೇಶ್ವರಯ್ಯನವರು ಕನ್ನಂಬಾಡಿ ಕಟ್ಟೆ ಕಟ್ಟಿಸುವಾಗ ಬಳಸಿದ್ದು ಸುರ್ಕಿ ಗಾರೆ, ಅಂದರೆ ಸುಣ್ಣಕ್ಕೆ ಸುಟ್ಟ ಇಟ್ಟಿಗೆ ಪುಡಿ ಬೆರೆಸಿದ ಗಾರೆ. ಅದು ಕಾವೇರಿಯನ್ನೇ ತಡೆದು ನಿಲ್ಲಿಸಿದೆ.

ಸುಣ್ಣದ ಗುಣವನ್ನು ಖಾಲಾಗೆ ನಾನು ಹೇಳಿಕೊಡಬೇಕಾಗಲಿಲ್ಲ. ಶಿಡ್ಲಘಟ್ಟದ ಸುತ್ತ ಹುಳು ಸಾಕುವ ಮನೆಗಳಲ್ಲಿ ಹುಳು ಜ್ವರಕ್ಕೆ ಕೂತಾಗ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಹೊತ್ತಿಗೆ, ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ಅದು ಥಂಡಿ ಹೀರಿಕೊಳ್ಳುತ್ತದೆ, ಉಳಿದ ಸೊಪ್ಪನ್ನು ಒಣಗಿಸುತ್ತದೆ. ಗೋಡೆಯಲ್ಲೂ ಸುಮಾರಾಗಿ ಅದೇ ಲೆಕ್ಕ. ಹಳೆಯ ಇಟ್ಟಿಗೆ ಮೆತ್ತಗಿರುತ್ತದೆ, ನೆಲದಿಂದ, ಮಳೆಯಿಂದ ನೀರು ಕುಡಿಯುತ್ತದೆ. ಮೇಲಿನ ಸುಣ್ಣದ ಗಾರೆ ಆ ನೀರನ್ನು ಆವಿಯಾಗಿ ಹೊರಗೆ ಬಿಡುತ್ತದೆ. ಸಿಮೆಂಟ್ ಬಿಡುವುದಿಲ್ಲ. ಅದರ ಮೇಲೆ ಎಣ್ಣೆ ಬಣ್ಣ ಬಳಿದರಂತೂ ಪ್ಲಾಸ್ಟಿಕ್ ಚೀಲದೊಳಗೆ ಒದ್ದೆ ಬಟ್ಟೆ ಕಟ್ಟಿಟ್ಟ ಹಾಗೆ. ಒಳಗಿನ ನೀರು ಒಳಗೇ ಉಳಿದು, ಅದರಲ್ಲಿರುವ ಉಪ್ಪು ಬಿಳಿಯಾಗಿ ಮೇಲೆದ್ದು, ಇಟ್ಟಿಗೆ ಪುಡಿಯಾಗುತ್ತದೆ. ಹೊರಗಿನಿಂದ ನೋಡಿದವರಿಗೆ ಗೋಡೆ ಗಟ್ಟಿ, ಹಸಿರು, ಹೊಳಪು. ಬಡಿದರೆ ಮಾತ್ರ ಟೊಳ್ಳು ಸದ್ದು.

ನಮ್ಮ ಅಜ್ಜಿಯರು ರಮಜಾನ್ ಹತ್ತಿರವಾದಾಗ ಸುಣ್ಣ ಕಲಸಿ, ಸ್ವಲ್ಪ ನೀಲಿ ಹಾಕಿ, ತೆಂಗಿನ ನಾರಿನ ಕುಂಚದಿಂದ ಮನೆಗೆಲ್ಲ ಬಳಿಯುತ್ತಿದ್ದರು. ಬಡತನದ ಕೆಲಸ ಎಂದು ನಾವು ಅದನ್ನು ಬಿಟ್ಟೆವು. ಹಳೆಯ ಗೋಡೆಗೆ ಅದೇ ಸರಿಯಾದ ಔಷಧವಾಗಿತ್ತು. (ಕೆತ್ತನೆಯಿರುವ ಗೋಡೆಗೆ ಅದೂ ವರ್ಷ ವರ್ಷ ಬಳಿದರೆ ತೊಂದರೆಯೇ. ಪದರದ ಮೇಲೆ ಪದರ ಕೂತು ಹೂವಿನ ದಳಗಳೆಲ್ಲ ಮುಚ್ಚಿ ಕಡುಬಿನಂತಾಗುತ್ತವೆ.)

ಇಷ್ಟೆಲ್ಲ ಹೇಳಲು ಕಾರಣ ಬೀದರಲ್ಲ. ಚೌಖಂಡಿ ಮತ್ತು ಅಷ್ಟೂರಿನ ಗುಂಬಜ್‌ಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅಂಥ ಕಟ್ಟಡಗಳಿಗೆ 1958ರ ಕಾನೂನಿದೆ, ಯಾರೂ ಬಣ್ಣದ ಡಬ್ಬಿ ಹಿಡಿದು ಹೋಗುವಂತಿಲ್ಲ. ದಖ್ಖನ್ ಸುಲ್ತಾನರ ಕಟ್ಟಡಗಳು 2014ರಲ್ಲಿ ಯುನೆಸ್ಕೋದ ಸಂಭಾವ್ಯ ಪಟ್ಟಿಯಲ್ಲೂ ಸೇರಿವೆ. ನನ್ನ ಚಿಂತೆ ಯಾವ ಪಟ್ಟಿಯಲ್ಲೂ ಇಲ್ಲದ ನಮ್ಮ ಸುತ್ತಲಿನ ಸಣ್ಣ ಗುಂಬಜ್‌ಗಳದು. ಶಿರಾದಲ್ಲಿ ಮಲಿಕ್ ರಿಹಾನರ ಗುಂಬಜ್ ಇದೆ, ಕೋಲಾರದಲ್ಲಿ ಹೈದರಾಲಿಯ ತಂದೆ ಫತೇ ಮುಹಮ್ಮದರ ಮಕ್ಬರಾ ಇದೆ. ಅವುಗಳ ಹೆಸರಾದರೂ ಪುಸ್ತಕದಲ್ಲಿವೆ. ಆದರೆ ಊರಾಚೆ ಹುಣಸೆ ಮರದ ಕೆಳಗೆ, ಕೆರೆ ಏರಿಯ ಪಕ್ಕದಲ್ಲಿ ಇಟ್ಟಿಗೆ ಗಾರೆಯ ಎಷ್ಟು ಗುಂಬಜ್‌ಗಳಿಲ್ಲ! ಅವುಗಳ ಭವಿಷ್ಯ ತೀರ್ಮಾನವಾಗುವುದು ಸಮಿತಿಯ ಸಭೆಯಲ್ಲಿ, ನಾವು ನೀವು ಗೋಲಕಕ್ಕೆ ಹಾಕಿದ ದುಡ್ಡಿನಲ್ಲಿ.

ನಮ್ಮ ತಾಲ್ಲೂಕುಗಳಲ್ಲೊಂದರ ಹಳ್ಳಿಯ ಗುಂಬಜ್ ಒಂದರ ಕತೆ ಹೇಳುತ್ತೇನೆ. ಊರಿನ ಹೆಸರು ಬೇಡ. ಸಣ್ಣ ಕಟ್ಟಡ, ಮೇಲೆ ಸುತ್ತಲೂ ಗಾರೆಯ ಕಮಲದೆಸಳು, ಮೂಲೆಗೊಂದು ಪುಟ್ಟ ಮಿನಾರು. ಏಳೆಂಟು ವರ್ಷದ ಹಿಂದೆ ಭಕ್ತರೊಬ್ಬರು ದೊಡ್ಡ ಮೊತ್ತ ಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟದ್ದು. ಗೋಡೆಗೆ ಸಿಮೆಂಟ್ ಪ್ಲಾಸ್ಟರ್, ಎದೆಮಟ್ಟದವರೆಗೆ ಬಚ್ಚಲುಮನೆಗೆ ಹಾಕುವಂಥ ಟೈಲ್ಸ್, ಅದರ ಮೇಲೆ ಹಸಿರು ಎಣ್ಣೆ ಬಣ್ಣ. ಕಮಲದೆಸಳನ್ನು ನೆಟ್ಟಗೆ ಮಾಡಲು ಬಾರದೆ ಕೆತ್ತಿ ತೆಗೆದು ಸಪಾಟು ಮಾಡಿದರು. ಮೂರನೆಯ ಮಳೆಗಾಲಕ್ಕೆ ಬಣ್ಣ ಗುಳ್ಳೆ ಎದ್ದಿತು, ಐದನೆಯದಕ್ಕೆ ಪ್ಲಾಸ್ಟರ್ ಹಲಗೆ ಹಲಗೆಯಾಗಿ ಬಿತ್ತು. ಅದರ ಹಿಂದೆ ಇಟ್ಟಿಗೆ ಬೆರಳಿಗೆ ಸಿಕ್ಕರೆ ರಾಗಿ ಹಿಟ್ಟಿನಂತೆ ಉದುರುತ್ತಿತ್ತು. ಈಗ ಎರಡನೆಯ ಸುತ್ತಿನ ಚಂದಾ ಎತ್ತುತ್ತಿದ್ದಾರೆ. ಹಳೆಯದನ್ನು ಪೂರ್ತಿ ಕೆಡವಿ ಕಾಂಕ್ರೀಟಿನಲ್ಲಿ ಕಟ್ಟುವುದು ಯೋಜನೆ.

ಶಿಡ್ಲಘಟ್ಟದಲ್ಲಿ ಖಾಲಾ ಮತ್ತು ಜೊತೆಯ ಹೆಂಗಸರು ವಾರ ವಾರ ಸ್ವಲ್ಪ ಸ್ವಲ್ಪ ಸೇರಿಸಿ ಈ ಗುಂಬಜಿಗೆಂದು ದುಡ್ಡು ಕೂಡಿಸಿದ್ದರು. ಬೀದರಿನಿಂದ ಬಂದ ಮೇಲೆ ಸಮಿತಿಯ ಹಿರಿಯರು ಮನೆಗೆ ಬಂದಾಗ ನಾನೂ ಅಲ್ಲಿದ್ದೆ. ಖಾಲಾ ಚಹಾ ಕೊಟ್ಟು, ತಲೆಯ ಮೇಲಿನ ದುಪ್ಪಟ್ಟಾ ಸರಿಮಾಡಿಕೊಂಡು ಕೇಳಿದರು.

"ಚಾಚಾ, ಸಿಮೆಂಟ್ ಹಾಕಿದ್ದು ಐದು ವರ್ಷ ಬಂತು. ಅದಕ್ಕೆ ಮೊದಲಿನ ಗಾರೆ ಎಷ್ಟು ವರ್ಷ ಬಂದಿತ್ತು?"

"ಅದು ಹಳೇ ಕಾಲದ್ದಮ್ಮ. ನಮ್ಮ ತಾತನ ತಾತನ ಕಾಲದಿಂದಲೂ ಇತ್ತು."

"ಹಾಗಿದ್ದರೆ ಅದನ್ನೇ ಹಾಕಿಸಬಹುದಲ್ಲ?"

"ಯಾರಿಗೆ ಬರುತ್ತೆ ಈಗ ಆ ಕೆಲಸ? ಒಂದು ತಿಂಗಳಲ್ಲಿ ಮುಗಿಯೋದನ್ನ ಒಂದು ವರ್ಷ ಎಳೆಯೋಕಾಗುತ್ತಾ?"

ಹಿರಿಯರ ಮಾತಿನಲ್ಲಿ ನ್ಯಾಯವಿಲ್ಲದೆ ಇಲ್ಲ. ಕೆಲಸ ಬಲ್ಲವರು ಕಡಿಮೆಯಾಗಿದ್ದಾರೆ, ಗಾರೆ ಅರೆಯುವ ಕಲ್ಲಿನ ಗಾಣಗಳು ಮೂಲೆ ಸೇರಿವೆ. ಆದರೆ ಕಲಿಸಿದರೆ ಕೆಲಸ ಬರುತ್ತದೆ. ಪಾಕಿಸ್ತಾನದ ಮುಲ್ತಾನಿನಲ್ಲಿ ಹಜ್ರತ್ ರುಕ್ನೆ ಆಲಂ ಅವರ ಗುಂಬಜ್ ಇದೆ, 14ನೇ ಶತಮಾನದ ಇಟ್ಟಿಗೆ ಕಟ್ಟಡ, ಅದಕ್ಕೂ ಎಂಟು ಮೂಲೆ. 1970ರ ದಶಕದಲ್ಲಿ ಅದರ ದುರಸ್ತಿ ಹಿಡಿದಾಗ ಹಳೆಯ ಬಿಲ್ಲೆ ಕೆಲಸ ಬಲ್ಲವರು ಅಲ್ಲೂ ಸಿಗುವಂತಿರಲಿಲ್ಲ. ಸ್ಥಳೀಯ ಕುಶಲಕರ್ಮಿಗಳಿಗೇ ತರಬೇತಿ ಕೊಟ್ಟು ಮಾಡಿಸಿದರು. 1983ರಲ್ಲಿ ಆ ದುರಸ್ತಿಗೆ ಆಗಾ ಖಾನ್ ವಾಸ್ತು ಪ್ರಶಸ್ತಿ ಬಂತು. ಅದನ್ನು ಮಾಡಿದವರು ಸರ್ಕಾರದ ಔಕಾಫ್ ಇಲಾಖೆಯವರು, ಅವರ ಬಳಿ ಹಣವಿತ್ತು, ನಮ್ಮ ಬಳಿ ಇಲ್ಲ ಎಂದು ಹಿರಿಯರು ಹೇಳಿದರು. ಅದೂ ನಿಜ.

ಖಾಲಾ ಮಾತ್ರ ಪಟ್ಟು ಬಿಡಲಿಲ್ಲ. ಹೆಂಗಸರ ದುಡ್ಡು ಕೆಡವುವುದಕ್ಕೆ ಕೊಡುವುದಿಲ್ಲ, ಗಾರೆಗೆ ಬೇಕಾದರೆ ಕೊಡುತ್ತೇವೆ ಎಂದರು. ಮೊತ್ತ ದೊಡ್ಡದಲ್ಲ. ಆದರೆ ಚಂದಾ ಪುಸ್ತಕದಲ್ಲಿ ಅವರ ಕೇರಿಯ ಹೆಂಗಸರ ಹೆಸರುಗಳೇ ಅರ್ಧ ಪುಟ. ಹಿರಿಯರು ಚಹಾ ಮುಗಿಸಿ, "ಸಭೆಯಲ್ಲಿ ಮಾತಾಡ್ತೀನಿ ಆಪಾ" ಎಂದು ಎದ್ದರು. ಬಂದಾಗ ಅಮ್ಮ ಎಂದಿದ್ದವರು ಹೋಗುವಾಗ ಆಪಾ ಎಂದದ್ದನ್ನು ನಾನು ಗಮನಿಸಿದೆ.

ನಿಮ್ಮ ಊರಿನಲ್ಲೂ ಇಂಥ ಚಂದಾ ಪುಸ್ತಕ ಬಂದರೆ ಕೊಡಬೇಡಿ ಎಂದು ನಾನು ಹೇಳುವುದಿಲ್ಲ. ಕೊಡುವ ಮೊದಲು ಕೇಳಿ. ಗೋಡೆ ಯಾವುದರದ್ದು, ಮೇಲೆ ಏನು ಬಳಿಯುತ್ತೀರಿ, ಕೆತ್ತನೆ ಉಳಿಯುತ್ತದೆಯೇ? ನೀರು ಎಲ್ಲಿಂದ ಇಳಿಯುತ್ತಿದೆ ಎಂದು ನೋಡಿದ್ದಾರೆಯೇ? ಎಷ್ಟೋ ಕಡೆ ಗೋಡೆಗೆ ರೋಗವೇ ಇರುವುದಿಲ್ಲ. ಗುಂಬಜಿನ ಮೇಲೆ ಹುಟ್ಟಿದ ಅರಳಿ ಗಿಡ ಬೇರು ಬಿಟ್ಟಿರುತ್ತದೆ, ಇಲ್ಲವೇ ತೂಬು ಕಟ್ಟಿಕೊಂಡು ಮಳೆನೀರು ಒಳಗೆ ಇಳಿಯುತ್ತಿರುತ್ತದೆ. ಅದನ್ನು ಸರಿಮಾಡಲು ಲಕ್ಷಗಳು ಬೇಕಾಗಿಲ್ಲ. ಕಟ್ಟಡ ಸರ್ಕಾರದ ಪಟ್ಟಿಯಲ್ಲಿದ್ದರೆ ಇಲಾಖೆಯ ಅನುಮತಿಯಿಲ್ಲದೆ ಯಾರೂ ಕೈಹಾಕುವಂತಿಲ್ಲ ಎಂಬುದನ್ನೂ ಸಮಿತಿಯವರಿಗೆ ನೆನಪಿಸಿ. ಕೆಲಸಕ್ಕೆ ಮೊದಲು ಮನೆಯ ಹುಡುಗರ ಕೈಯಲ್ಲಿ ನಾಲ್ಕೂ ಗೋಡೆಯ ಫೋಟೋ ತೆಗೆಸಿಟ್ಟುಕೊಳ್ಳಿ. ಎಸಳು ಬಿದ್ದರೆ ಮತ್ತೆ ಮಾಡಲು ಅಳತೆಯಾದರೂ ಸಿಗುತ್ತದೆ.

ಶಿಡ್ಲಘಟ್ಟದಿಂದ ಮೊನ್ನೆ ಸುದ್ದಿ ಬಂತು. ಚಿಂತಾಮಣಿ ಕಡೆಯ ಒಬ್ಬ ವಯಸ್ಸಾದ ಗಾರೆ ಕೆಲಸದವರನ್ನು ಸಮಿತಿಯವರು ಕರೆಸಿದ್ದರಂತೆ. ಅವರು ಗೋಡೆಯನ್ನು ಉಗುರಿನಿಂದ ಗೀರಿ ನೋಡಿ, ಸುಣ್ಣ, ಮರಳು, ಇಟ್ಟಿಗೆ ಪುಡಿ, ಬೆಲ್ಲ, ಅಳಲೆಕಾಯಿ ಎಂದು ಚೀಟಿ ಬರೆಸಿದ್ದಾರೆ. ಸುಣ್ಣ ನೀರಿನಲ್ಲಿ ವಾರಗಟ್ಟಲೆ ನೆನೆಯದೆ ಮುಟ್ಟುವುದಿಲ್ಲ ಎಂದಿದ್ದಾರೆ. ಸಮಿತಿಯಲ್ಲಿ ಇಬ್ಬರಿಗೆ ಇನ್ನೂ ಕಾಂಕ್ರೀಟೇ ಬೇಕಂತೆ. ಕೊನೆಗೆ ಪೂರ್ವದ ಗೋಡೆಯೊಂದನ್ನು ಮಾತ್ರ ಗಾರೆಯಲ್ಲಿ ಮಾಡಿ, ಒಂದು ಮಳೆಗಾಲ ನೋಡಿ ಉಳಿದದ್ದನ್ನು ತೀರ್ಮಾನಿಸುವುದೆಂದು ಒಪ್ಪಿಕೊಂಡಿದ್ದಾರೆ. ತೊಟ್ಟಿಯಲ್ಲಿ ಸುಣ್ಣ ನೆನೆಯುತ್ತಿದೆ. ದಿನಕ್ಕೊಮ್ಮೆ ಅದನ್ನು ಕೋಲಿನಿಂದ ಕದಡಿ ಬರುವ ಹುಡುಗನಿಗೆ ಖಾಲಾ ಸಂಜೆಯ ಚಹಾ ಕಳಿಸುತ್ತಿದ್ದಾರೆ.